ಕಿರುಗೊಳವೆಯೂ ನಮ್ಮ ಹಳ್ಳಿಯೂ

ಬಿ.ಎ. ತರಗತಿಯವನಾದ ನಾನು ರಸಾಯನಶಾಸ್ತ್ರಕ್ಕೆ ಸೇರಿದ ವಿಷಯವೊಂದನ್ನು ಕುರಿತು ಬರೆಯಹೊರಟಿರುವುದನ್ನು ಕಂಡು ನನ್ನ ಸಹಪಾಠಿಗಳು ನಕ್ಕಿದ್ದಾರೆ. “ಇತಿಹಾಸ, ಅರ್ಥಶಾಸ್ತ್ರ, ಐಚ್ಛಿಕ ಕನ್ನಡ ಓದುವವನಿಗೆ ಪ್ರಯೋಗಶಾಲೆಯ ಕೊಳವೆಯ ಗೊಡವೆ ಏಕಯ್ಯಾ?” ಎಂದು ಕೇಳಿದವರೂ ಉಂಟು. ಅವರ ಪ್ರಶ್ನೆ ನ್ಯಾಯವಾದುದೇ. ಆದರೆ ಈ ವಿಷಯವನ್ನು ನಾನಾಗಿ ಹುಡುಕಿಕೊಂಡು ಹೋದವನಲ್ಲ. ಅದೇ ನಮ್ಮ ಮನೆಯ ಬಾಗಿಲಿಗೆ ಬಂದಿತು.

ನನ್ನ ತಾಯಿಗೆ ಸಕ್ಕರೆ ಕಾಯಿಲೆ. ಹೊಲದ ಕೂಲಿಯಿಂದ ಬದುಕುವ ಮನೆ ನಮ್ಮದು. ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೊಬ್ಬನೇ. ಆದುದರಿಂದ ವೈದ್ಯರು ಬರೆದ ಚೀಟಿಯನ್ನು ಓದುವುದು, ಓದಿದ್ದನ್ನು ಅವ್ವನಿಗೆ ತಿಳಿಯಹೇಳುವುದು ನನ್ನ ಪಾಲಿನ ಕೆಲಸ. ಕಳೆದ ವರ್ಷ ವೈದ್ಯರು, ಬೆರಳು ಚುಚ್ಚಿ ನೋಡಿದರೆ ಆ ಹೊತ್ತಿನ ಸಕ್ಕರೆ ಮಾತ್ರ ತಿಳಿಯುತ್ತದೆ, ಮೂರು ತಿಂಗಳ ಲೆಕ್ಕ ಬೇಕು ಎಂದು ಬೇರೊಂದು ಪರೀಕ್ಷೆಯನ್ನು ಬರೆದುಕೊಟ್ಟರು. ತಾಲ್ಲೂಕು ಕೇಂದ್ರದಲ್ಲಿ ರಕ್ತ ತೆಗೆದು ಜಿಲ್ಲಾ ಕೇಂದ್ರಕ್ಕೆ ಕಳುಹಿಸಿದರು. ನಾಲ್ಕು ದಿನ ಬಿಟ್ಟು ಹೋಗಿ ಕೇಳಿದರೆ, ರಕ್ತ ಹೆಪ್ಪುಗಟ್ಟಿತ್ತು, ಮತ್ತೊಮ್ಮೆ ಕೊಡಬೇಕು ಎಂಬ ಉತ್ತರ. ಎರಡನೆಯ ಸಲ ನಾವೇ ಎರಡು ಬಸ್ಸು ಬದಲಿಸಿ ಜಿಲ್ಲಾ ಕೇಂದ್ರಕ್ಕೆ ಹೋದೆವು. ಒಟ್ಟು ಮೂರು ದಿನದ ಕೂಲಿ ಹೋಯಿತು.

ಅಲ್ಲಿ ಪ್ರಯೋಗಶಾಲೆಯ ತರುಣನೊಬ್ಬ ನನ್ನ ಕುತೂಹಲವನ್ನು ಕಂಡು, ಯಂತ್ರದ ಬಾಗಿಲು ತೆರೆದು, ಒಳಗಿದ್ದ ಬೆರಳುದ್ದದ ಉಕ್ಕಿನ ಕೊಳವೆಯೊಂದನ್ನು ತೋರಿಸಿದ. “ರಕ್ತವನ್ನು ಬೇರೆ ಬೇರೆ ಮಾಡುವ ಕೆಲಸವೆಲ್ಲ ಇದರೊಳಗೇ ನಡೆಯುತ್ತದೆ. ಉಳಿದದ್ದೆಲ್ಲ ಇದಕ್ಕೆ ಊಳಿಗ” ಎಂದ. ಹಿಂದೆ ನಿಂತಿದ್ದ ಅವ್ವ ಬಗ್ಗಿ ನೋಡಿದಳು. ಹೊರಗೆ ಬಂದ ಮೇಲೆ ಕೇಳಿದಳು: “ಇಷ್ಟುದ್ದದ ಕೊಳವೆಗೋಸ್ಕರ ನಾವು ಅಷ್ಟು ದೂರದಿಂದ ಬರಬೇಕಾ ಮಗ? ಅದೇ ನಮ್ಮೂರ್ಗೆ ಬರಾಕಿಲ್ವಾ?”

ನನ್ನ ಬಳಿ ಉತ್ತರವಿರಲಿಲ್ಲ. ವಿಜ್ಞಾನ ಕಾಲೇಜಿನಲ್ಲಿ ಓದುವ ಗೆಳೆಯನೊಬ್ಬನನ್ನು ಕಾಡಿಸಿ, ಅವನು ಕೊಟ್ಟ ಪುಸ್ತಕಗಳನ್ನು ನಿಘಂಟಿನ ಸಹಾಯದಿಂದ ಓದಿ, ತಿಳಿದುಕೊಂಡಷ್ಟನ್ನು ಇಲ್ಲಿ ಬರೆದಿದ್ದೇನೆ. ತಿಳಿದ ಮೇಲೆ ನನ್ನಲ್ಲಿ ಮೂಡಿದ ಅಭಿಪ್ರಾಯವನ್ನೂ ಮರೆಮಾಚದೆ ಹೇಳುತ್ತೇನೆ.

ಆ ಕೊಳವೆಯೊಳಗೆ ನಡೆಯುವ ಕ್ರಿಯೆಗೆ ಕ್ರೊಮ್ಯಾಟೊಗ್ರಫಿ ಎಂದು ಹೆಸರು. ಗ್ರೀಕ್ ಮೂಲದ ಈ ಮಾತಿಗೆ ಬಣ್ಣದ ಬರಹವೆಂದು ಅರ್ಥ. ಮಿಖಾಯಿಲ್ ಟ್ಸ್ವೆಟ್ ಎಂಬ ರಷ್ಯನ್ ಸಸ್ಯಶಾಸ್ತ್ರಜ್ಞನು ೧೯೦೩ರಲ್ಲಿ ವಾರ್ಸಾ ನಗರದಲ್ಲಿ ಇದನ್ನು ಮೊದಲು ವಿವರಿಸಿದನು. ಎಲೆಯ ರಸವನ್ನು ಸೀಮೆಸುಣ್ಣದ ಪುಡಿ ತುಂಬಿದ ಗಾಜಿನ ಕೊಳವೆಯ ಮೇಲೆ ಹೊಯ್ದು, ಅದರ ಮೇಲೆ ದ್ರಾವಕವನ್ನು ಬಿಟ್ಟಾಗ, ಒಂದೇ ಹಸಿರೆಂದು ಕಾಣುತ್ತಿದ್ದ ರಸವು ಹಸಿರು, ಹಳದಿ ಪಟ್ಟೆಗಳಾಗಿ ಕೊಳವೆಯ ಉದ್ದಕ್ಕೂ ಬೇರೆ ಬೇರೆ ನಿಂತಿತು. ೧೯೦೬ರಲ್ಲಿ ಅವನು ಅದಕ್ಕೆ ಹೆಸರಿಟ್ಟನು. ಆದರೆ ರಸಾಯನಶಾಸ್ತ್ರದ ದೊಡ್ಡವರು ಈ ಸಸ್ಯಶಾಸ್ತ್ರದವನ ಮಾತಿಗೆ ಬೆಲೆ ಕೊಡಲಿಲ್ಲ. ೧೯೧೯ರಲ್ಲಿ ಅವನು ತೀರಿಕೊಂಡನು. ಅವನ ವಿಧಾನಕ್ಕೆ ಮರುಜೀವ ಬಂದುದು ೧೯೩೧ರಲ್ಲಿ, ಜರ್ಮನಿಯ ಹೈಡೆಲ್‌ಬರ್ಗಿನಲ್ಲಿ. “ನಿನಗೇಕೆ ಈ ಗೊಡವೆ?” ಎಂಬ ಪ್ರಶ್ನೆ ಎಷ್ಟು ಹಳೆಯದು, ಅದರಿಂದ ಎಷ್ಟು ವರ್ಷ ನಷ್ಟವಾಗಬಲ್ಲದು ಎಂಬುದನ್ನು ನಕ್ಕ ಗೆಳೆಯರು ಗಮನಿಸಬೇಕು.

ಇದು ಜರಡಿ ಹಿಡಿದಂತೆಯೂ ಅಲ್ಲ, ಮೊರದಲ್ಲಿ ಕೇರಿದಂತೆಯೂ ಅಲ್ಲ. ನಮ್ಮೂರ ಜಾತ್ರೆಯನ್ನು ನೆನೆಯಿರಿ. ಒಂದೇ ಬಸ್ಸಿನಿಂದ ಇಳಿದ ಹತ್ತು ಮಂದಿ ಅಂಗಡಿಬೀದಿಯನ್ನು ಹೊಕ್ಕರು ಎನ್ನೋಣ. ಬಳೆ ಅಂಗಡಿಗಳ ಮುಂದೆಲ್ಲ ನಿಲ್ಲುವವಳು ಹಿಂದುಳಿಯುತ್ತಾಳೆ. ಪುರಿಬತ್ತಾಸನ್ನಷ್ಟೇ ಕೊಳ್ಳುವವನು ಅವಳಿಗಿಂತ ಮುಂದೆ ಹೋಗುತ್ತಾನೆ. ಜೇಬಿನಲ್ಲಿ ಕಾಸಿಲ್ಲದವನು ಎಲ್ಲಿಯೂ ನಿಲ್ಲದೆ ಎಲ್ಲರಿಗಿಂತ ಮೊದಲು ಆ ತುದಿಯಲ್ಲಿ ಹೊರಬೀಳುತ್ತಾನೆ. ಯಾರೂ ಅವರನ್ನು ವಿಂಗಡಿಸಲಿಲ್ಲ. ಅವರವರ ಸೆಳೆತವೇ ವಿಂಗಡಿಸಿತು. ಕೊಳವೆಯೊಳಗಿನ ಪುಡಿಯೇ ಅಂಗಡಿಬೀದಿ. ಹರಿಯುವ ದ್ರಾವಕವೇ ಜನರನ್ನು ಮುಂದೆ ನೂಕುವ ಸಂದಣಿ.

ನನ್ನ ತಾಯಿಯ ರಕ್ತದಲ್ಲಿ ಆದುದೂ ಇದೇ. ರಕ್ತಕ್ಕೆ ಕೆಂಪು ಬಣ್ಣವನ್ನು ಕೊಡುವ ಹಿಮೋಗ್ಲೋಬಿನ್ನಿಗೆ ಸಕ್ಕರೆಯು ಮೆಲ್ಲಮೆಲ್ಲನೆ ಅಂಟಿಕೊಳ್ಳುತ್ತದೆ. ಕೆಂಪು ರಕ್ತಕಣದ ಆಯುಸ್ಸು ಸುಮಾರು ೧೨೦ ದಿನ. ಆದುದರಿಂದ ಅಂಟಿದ ಭಾಗವು ಶೇಕಡ ಎಷ್ಟೆಂದು ತಿಳಿದರೆ ಕಳೆದ ಎರಡು ಮೂರು ತಿಂಗಳ ಸಕ್ಕರೆಯ ಲೆಕ್ಕ ಸಿಕ್ಕಂತಾಯಿತು. ಅದು ೬.೫ ಅಥವಾ ಅದಕ್ಕೂ ಹೆಚ್ಚಾದರೆ ಸಕ್ಕರೆ ಕಾಯಿಲೆಯ ಗುರುತು. ಸಕ್ಕರೆ ಅಂಟಿದ ಹಿಮೋಗ್ಲೋಬಿನ್ನಿನ ವಿದ್ಯುದಂಶವು ತುಸು ಬದಲಾಗಿರುವುದರಿಂದ ಅದು ಕೊಳವೆಯ ಪುಡಿಯನ್ನು ಅಷ್ಟು ಬಿಗಿಯಾಗಿ ಹಿಡಿಯದೆ, ಉಳಿದುದಕ್ಕಿಂತ ಮೊದಲು ಹೊರಬರುತ್ತದೆ. ಹೊರಬಂದುದನ್ನು ಬೆಳಕಿನ ಕಣ್ಣೊಂದು ಅಳೆಯುತ್ತದೆ.

ಇನ್ನು ಕೊಳವೆ ಕಿರಿದಾದ ಕಥೆ. ೧೯೭೯ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಸ್ಟೀಫನ್ ಟೆರಿ ಮತ್ತು ಅವರ ಜೊತೆಗಾರರು, ಗಣಕಯಂತ್ರದ ಬಿಲ್ಲೆಗಳನ್ನು ಮಾಡುವ ಸಿಲಿಕಾನ್ ಹಾಳೆಯ ಮೇಲೆಯೇ ಒಂದೂವರೆ ಮೀಟರ್ ಉದ್ದದ ಕಾಲುವೆಯನ್ನು ಸುರುಳಿಯಾಗಿ ಕೊರೆದರು. ಆ ಹಾಳೆಯ ಅಗಲ ಐದು ಸೆಂಟಿಮೀಟರ್ ಮಾತ್ರ. ಅದು ಅನಿಲಗಳನ್ನು ಬೇರ್ಪಡಿಸುವ ಸಾಧನವಾಗಿತ್ತು. ೧೯೯೦ರಲ್ಲಿ ಆಂಡ್ರಿಯಾಸ್ ಮಾಂಜ್ ಮತ್ತು ಸಂಗಡಿಗರು ದ್ರವಗಳಿಗಾಗಿ ಸಿಲಿಕಾನ್ ಬಿಲ್ಲೆಯ ಮೇಲೆ ಕಾಲುವೆಯನ್ನು ರಚಿಸಿ, ಇಡೀ ಪ್ರಯೋಗಶಾಲೆಯನ್ನೇ ಒಂದು ಬಿಲ್ಲೆಗೆ ಇಳಿಸಬಹುದೆಂಬ ವಿಚಾರವನ್ನು ಮುಂದಿಟ್ಟರು. ೨೦೦೫ರಲ್ಲಿ ಅಜಿಲೆಂಟ್ ಕಂಪನಿಯವರು ಪ್ಲಾಸ್ಟಿಕ್ಕಿನ ಬಿಲ್ಲೆಯ ಮೇಲೆ ಕೂಡಿಸಿದ ಇಂಥ ಕಾಲುವೆಯನ್ನು ಮಾರಾಟಕ್ಕೆ ತಂದರು.

ಇವುಗಳಲ್ಲಿ ನನಗೆ ಬಹಳ ಹಿಡಿಸಿದುದು ಕಂಬಗಳ ಉಪಾಯ. ಪುಡಿಯನ್ನು ಕೊಳವೆಗೆ ತುಂಬಿದರೆ ಕಣಗಳು ಅಡ್ಡಾದಿಡ್ಡಿ ಕೂರುತ್ತವೆ. ಒಂದು ಹನಿಗೆ ಹತ್ತಿರದ ದಾರಿ, ಇನ್ನೊಂದಕ್ಕೆ ಬಳಸುದಾರಿ. ಒಂದೇ ಜಾತಿಯ ಅಣುಗಳೂ ಹೀಗೆ ಚದುರಿ, ಬೇರ್ಪಡಿಕೆ ಮಸುಕಾಗುತ್ತದೆ. ೧೯೯೮ರಲ್ಲಿ ಪರ್ಡ್ಯೂ ವಿಶ್ವವಿದ್ಯಾಲಯದ ಫ್ರೆಡ್ ರೆನ್ಯೇ ಮತ್ತು ಸಂಗಡಿಗರು ಪುಡಿಯನ್ನು ತುಂಬುವುದನ್ನೇ ಬಿಟ್ಟು, ಬಿಲ್ಲೆಯಲ್ಲಿಯೇ ಒಂದೇ ಅಳತೆಯ ಕಿರುಕಂಬಗಳ ಸಾಲನ್ನು ಕೊರೆದರು. ಬ್ರಸೆಲ್ಸ್ ನಗರದಲ್ಲಿ ಗೆರ್ಟ್ ಡೆಸ್ಮೆಟ್ ಮತ್ತು ಅವರ ಬಳಗ ಇದನ್ನು ಬೆಳೆಸಿದರು. ಅಲ್ಲಿಂದ ಬಂದ ಒಂದು ಬಿಲ್ಲೆಯಲ್ಲಿ ಕಂಬದ ದಪ್ಪ ೫ ಮೈಕ್ರೊಮೀಟರ್, ಕಂಬದಿಂದ ಕಂಬಕ್ಕೆ ಎಡೆ ಎರಡೂವರೆ ಮೈಕ್ರೊಮೀಟರ್. ನಮ್ಮ ತಲೆಗೂದಲಿನ ದಪ್ಪ ಸುಮಾರು ೭೦ ಮೈಕ್ರೊಮೀಟರ್ ಎಂದರೆ ಅಳತೆ ಮನಸ್ಸಿಗೆ ಬಂದೀತು. ಉಳುವ ಎತ್ತು ಸಾಲಿನ ತುದಿಯಲ್ಲಿ ತಿರುಗಿ ಪಕ್ಕದ ಸಾಲಿಗೆ ಬರುವಂತೆ ದಾರಿಯನ್ನು ಮಡಿಸಿ ಮಡಿಸಿ, ಎರಡು ಮೀಟರ್ ಉದ್ದವನ್ನು ಆ ಬಿಲ್ಲೆಯೊಳಗೆ ಅಡಗಿಸಿದ್ದಾರೆ. ಮೂಡುಬಿದಿರೆಯ ಸಾವಿರ ಕಂಬದ ಬಸದಿಯಲ್ಲಿ ಒಂದು ಕಂಬ ಇನ್ನೊಂದರಂತಿಲ್ಲವೆನ್ನುವುದು ಅಲ್ಲಿನ ಶಿಲ್ಪಿಯ ಹಿರಿಮೆ. ಇಲ್ಲಿ ಒಂದು ಕಂಬವೂ ಇನ್ನೊಂದಕ್ಕಿಂತ ಬೇರೆಯಾಗಿರಬಾರದೆಂಬುದೇ ಹಿರಿಮೆ. ಎಲ್ಲ ಹನಿಗೂ ಒಂದೇ ದಾರಿ ಸಿಗಬೇಕಷ್ಟೆ.

ಚಿಕ್ಕದಾಗುವುದರಿಂದ ಬರುವ ಲಾಭವು ಜಾಗದ ಉಳಿತಾಯ ಒಂದೇ ಅಲ್ಲ. ಒಂದು ಚಮಚ ಬೆಲ್ಲವನ್ನು ಬಾವಿಗೆ ಹಾಕಿದರೆ ರುಚಿ ತಿಳಿಯದು; ಲೋಟದ ನೀರಿಗೆ ಹಾಕಿದರೆ ತಿಳಿಯುತ್ತದೆ. ಪ್ರಯೋಗಶಾಲೆಯ ಸಾಧಾರಣ ಕೊಳವೆಯ ಒಳಗಲ ೪.೬ ಮಿಲಿಮೀಟರ್. ಅದಕ್ಕೆ ಬದಲಾಗಿ ೭೫ ಮೈಕ್ರೊಮೀಟರಿನ ಕಾಲುವೆಯಾದರೆ ಅಗಲ ಅರವತ್ತು ಪಟ್ಟು ಕಿರಿದಾಗುತ್ತದೆ. ಅಡ್ಡಕೊಯ್ತದ ವಿಸ್ತಾರವು ಮೂರೂವರೆ ಸಾವಿರ ಪಟ್ಟಿಗೂ ಮೀರಿ ಕುಗ್ಗುತ್ತದೆ. ಅಷ್ಟರಮಟ್ಟಿಗೆ ವಸ್ತುವು ನೀರಾಗದೆ ಗಟ್ಟಿಯಾಗಿ ಹೊರಬರುತ್ತದೆ. ದೊಡ್ಡ ಕೊಳವೆಯು ನಿಮಿಷಕ್ಕೆ ಒಂದು ಮಿಲಿಲೀಟರ್ ದ್ರಾವಕವನ್ನು ಕುಡಿದರೆ, ಕಿರುಗಾಲುವೆಗೆ ನಿಮಿಷಕ್ಕೆ ೩೦೦ ನ್ಯಾನೊಲೀಟರ್ ಸಾಕು. ಲೆಕ್ಕ ಹಾಕಿ ನೋಡಿದೆ: ಒಂದೇ ಒಂದು ಹನಿಯು ಎರಡೂವರೆ ಗಂಟೆಗೂ ಹೆಚ್ಚು ಕಾಲ ಸಾಲುತ್ತದೆ. ಹೀಗಾಗಿ ಇಂದು ಒಂದೇ ಜೀವಕೋಶದಲ್ಲಿರುವ ಪ್ರೋಟೀನುಗಳನ್ನು ವಿಂಗಡಿಸಿ ನೋಡುವ ಪ್ರಯತ್ನಗಳಲ್ಲಿ ಈ ಬಗೆಯ ಬಿಲ್ಲೆಗಳು ಬಳಕೆಯಲ್ಲಿವೆ.

ಇಷ್ಟೆಲ್ಲ ಓದಿದ ಮೇಲೆ, ಹಾಗಾದರೆ ಅವ್ವನ ಪ್ರಶ್ನೆಗೆ ಉತ್ತರ ಸಿಕ್ಕಿತು, ಕೊಳವೆ ಬಿಲ್ಲೆಯಾಗಿದೆ, ಬಿಲ್ಲೆ ನಾಳೆ ನಮ್ಮೂರಿಗೆ ಬರುತ್ತದೆ ಎಂದು ಹಿಗ್ಗಿದೆ. ಆದರೆ ಇನ್ನಷ್ಟು ಓದಿದಾಗ ಹಿಗ್ಗು ಇಳಿಯಿತು. ನಮ್ಮ ರಥೋತ್ಸವದಲ್ಲಿ ಉತ್ಸವಮೂರ್ತಿ ಗೇಣುದ್ದ. ತೇರನ್ನು ಎಳೆಯಲು ನೂರು ಜನ ಬೇಕು. ಈ ಬಿಲ್ಲೆಯ ಸ್ಥಿತಿಯೂ ಹಾಗೆಯೇ. ದ್ರಾವಕವನ್ನು ಅಷ್ಟು ಕಿರಿದಾದ ದಾರಿಯಲ್ಲಿ ಬಿಡದೆ ಸಮನಾಗಿ ನೂಕಲು ಒತ್ತುಯಂತ್ರ ಬೇಕು. ಹೊರಬಂದುದನ್ನು ಗುರುತಿಸಲು ಬಹುತೇಕ ಕಡೆಗಳಲ್ಲಿ ಅಣುಗಳ ತೂಕವನ್ನು ಹೇಳುವ ದೊಡ್ಡ ಯಂತ್ರ ಬೇಕು. ಅದಕ್ಕೆ ತಂಪಾದ ಕೋಣೆ, ತಪ್ಪದ ವಿದ್ಯುತ್ತು, ಪಳಗಿದ ಕೈ. ರಕ್ತವೋ, ಕಣಗಳಿಂದ ಮಂದವಾದುದು. ಒಂದು ಧೂಳಿನ ಕಣವೂ ಇಂಥ ದಾರಿಯನ್ನು ಮುಚ್ಚಿಬಿಡುತ್ತದೆಯಾದ್ದರಿಂದ ಮೊದಲೇ ಅದನ್ನು ಶುದ್ಧಿ ಮಾಡಬೇಕು. ಬಿಲ್ಲೆ ಅಂಗೈಯಲ್ಲಿ ಹಿಡಿಸುತ್ತದೆ, ನಿಜ; ಅದರ ಪರಿವಾರವನ್ನು ನಮ್ಮೂರಿನ ಉಪಕೇಂದ್ರದ ಕೋಣೆ ಹಿಡಿಸಲಾರದು. ಆದುದರಿಂದಲೇ ಅದು ಇನ್ನೂ ಮುಖ್ಯವಾಗಿ ಸಂಶೋಧಕರ ಕೈಯಲ್ಲಿದೆ; ರೋಗಿಯ ಹತ್ತಿರಕ್ಕೆ ಬಂದಿರುವುದು ಕಡಿಮೆ.

ಇಲ್ಲಿಯೇ ನನ್ನ ಅಭಿಪ್ರಾಯ. ಕಿರಿದುತನವನ್ನು ಮೈಕ್ರೊಮೀಟರಿನಲ್ಲಿ ಅಳೆದು ಹೊಗಳುವುದು ಸಾಲದು. ಅದನ್ನು ಮೈಲಿಯಲ್ಲಿಯೂ ಅಳೆಯಬೇಕು. ಕೊಳವೆ ಎಷ್ಟು ಸಣ್ಣದಾಯಿತು ಎಂದು ಕೇಳುವಾಗಲೇ, ಅದಕ್ಕಾಗಿ ರೋಗಿ ನಡೆಯಬೇಕಾದ ದಾರಿ ಎಷ್ಟು ಸಣ್ಣದಾಯಿತು ಎಂದೂ ಕೇಳಬೇಕು.

ಇದಕ್ಕೆ ಎದುರಾಡುವವರೂ ಇದ್ದಾರೆ. ಮಾದರಿಯನ್ನೇ ದೊಡ್ಡ ಪ್ರಯೋಗಶಾಲೆಗೆ ಕಳುಹಿಸಿದರಾಯಿತು. ಅಲ್ಲಿ ಒಟ್ಟಿಗೆ ನೂರಾರು ಪರೀಕ್ಷೆ ನಡೆಯುವುದರಿಂದ ಖರ್ಚು ಕಡಿಮೆ, ತಪ್ಪು ಕಡಿಮೆ ಎಂದು ನನ್ನ ಗೆಳೆಯನೇ ವಾದಿಸಿದ. ಅವನ ಮಾತಿನಲ್ಲಿ ಸತ್ಯವಿದೆ. ಅವ್ವನ ಪರೀಕ್ಷೆಯ ಮಟ್ಟಿಗೆ ರಕ್ತವನ್ನು ಸರಿಯಾಗಿ ತೆಗೆದು, ಸರಿಯಾಗಿ ಕಳುಹಿಸಿದ್ದರೆ ಅರ್ಧ ಕಷ್ಟ ತಪ್ಪುತ್ತಿತ್ತು. ಅದಕ್ಕೆ ಹೊಸ ಬಿಲ್ಲೆ ಬೇಕಿರಲಿಲ್ಲ. ಬೆರಳಿನ ಹನಿಯಿಂದಲೇ ಮೂರು ತಿಂಗಳ ಸಕ್ಕರೆಯನ್ನು ಬೇರೆ ವಿಧಾನದಿಂದ ಹೇಳುವ ಸಣ್ಣ ಉಪಕರಣಗಳೂ ಇವೆ. ಎಲ್ಲ ಕಡೆಗೂ ಬಿಲ್ಲೆಯೇ ಮದ್ದೆಂದು ನಾನು ಹೇಳಲಾರೆ.

ಆದರೆ ದೂರವೇ ರೋಗಿಗೆ ಶತ್ರುವಾಗುವ ಸಂದರ್ಭಗಳಿವೆ. ಅವುಗಳಲ್ಲಿ ಒಂದನ್ನು ನಮ್ಮ ನಾಡಿನಿಂದಲೇ ಹೇಳುತ್ತೇನೆ. ಕುಡುಗೋಲು ಕಣದ ರೋಗವೆಂಬುದೊಂದು ತಂದೆತಾಯಿಗಳಿಂದ ಮಕ್ಕಳಿಗೆ ಬರುವ ರಕ್ತದ ದೋಷ. ಹಿಮೋಗ್ಲೋಬಿನ್ನಿನ ಒಂದು ಎಳೆಯಲ್ಲಿ ಆರನೆಯ ಸ್ಥಾನದ ಒಂದೇ ಒಂದು ಅಮೈನೊ ಆಮ್ಲ ಬದಲಾಗಿರುತ್ತದೆ. ಅಷ್ಟಕ್ಕೇ ರಕ್ತಕಣಗಳು ಕುಡುಗೋಲಿನಂತೆ ಬಾಗಿ, ಸಣ್ಣ ರಕ್ತನಾಳಗಳಲ್ಲಿ ಸಿಕ್ಕಿಕೊಂಡು, ಸಹಿಸಲಾಗದ ನೋವನ್ನು ತರುತ್ತವೆ. ಭಾರತದಲ್ಲಿ ಇದು ೧೯೫೨ರಲ್ಲಿ ನೀಲಗಿರಿಯ ಬುಡಕಟ್ಟಿನವರಲ್ಲಿ ಮೊದಲು ಗುರುತಿಗೆ ಬಂದಿತು. ಅದೇ ೧೯೫೨ರಲ್ಲಿ ಕ್ರೊಮ್ಯಾಟೊಗ್ರಫಿಯ ಹೊಸ ದಾರಿಯೊಂದನ್ನು ಕಂಡುಹಿಡಿದುದಕ್ಕಾಗಿ ಆರ್ಚರ್ ಮಾರ್ಟಿನ್, ರಿಚರ್ಡ್ ಸಿಂಜ್ ಎಂಬ ಇಬ್ಬರು ಆಂಗ್ಲ ವಿಜ್ಞಾನಿಗಳಿಗೆ ನೊಬೆಲ್ ಪಾರಿತೋಷಕ ದೊರೆಯಿತು. ರೋಗವು ಗುರುತಾದ ವರ್ಷವೂ, ಅದನ್ನು ಗುರುತಿಸಬಲ್ಲ ವಿದ್ಯೆಗೆ ಮನ್ನಣೆ ದೊರೆತ ವರ್ಷವೂ ಒಂದೇ. ಇವೆರಡೂ ಕಾಡಿನ ಹಾಡಿಯಲ್ಲಿ ಕೂಡಿಬರಲು ಇನ್ನೂ ಎಷ್ಟು ತಡವಾಗಬೇಕು?

ನಮ್ಮ ಚಾಮರಾಜನಗರ, ಮೈಸೂರು, ಕೊಡಗು ಜಿಲ್ಲೆಗಳ ಕಾಡಂಚಿನ ಬುಡಕಟ್ಟು ಜನರಲ್ಲಿಯೂ ಈ ದೋಷವಿದೆ. ೨೦೨೩ರ ಜುಲೈ ೧ರಂದು ಕೇಂದ್ರ ಸರ್ಕಾರವು ಇದರ ನಿರ್ಮೂಲನಕ್ಕಾಗಿ ರಾಷ್ಟ್ರೀಯ ಯೋಜನೆಯೊಂದನ್ನು ಆರಂಭಿಸಿ, ೪೦ ವರ್ಷದವರೆಗಿನ ಏಳು ಕೋಟಿ ಜನರನ್ನು ಪರೀಕ್ಷಿಸುವ ಗುರಿಯಿಟ್ಟಿತು. ಕರ್ನಾಟಕವೂ ಅದರಲ್ಲಿ ಸೇರಿದೆ. ರಕ್ತವನ್ನು ಒಂದು ದ್ರಾವಣದಲ್ಲಿ ಕಲಸಿ ಕಲಕಾಗುವುದೇ ಎಂದು ನೋಡುವ ಅಗ್ಗದ ಪರೀಕ್ಷೆಯೊಂದಿದೆ. ಅದು ದೋಷವನ್ನು ಹೊತ್ತಿರುವವನನ್ನೂ ರೋಗಿಯನ್ನೂ ಬೇರೆಯಾಗಿ ತೋರಿಸಲಾರದು. ಹಸುಗೂಸುಗಳಲ್ಲಿ ಅದನ್ನು ನಂಬುವಂತಿಲ್ಲ. ಬೇರ್ಪಡಿಸಿ ನೋಡಿದರೆ ಮಾತ್ರ ನಿಜ ತಿಳಿಯುತ್ತದೆ. ಆ ಕೆಲಸಕ್ಕೆ ಈಗ ಕೊಳವೆಯ ಯಂತ್ರವೇ ಮುಖ್ಯ ಆಧಾರಗಳಲ್ಲಿ ಒಂದು. ಕೂಸಿನ ಹಿಮ್ಮಡಿಯಿಂದ ಸಿಗುವುದು ಕೆಲವು ಹನಿ ಮಾತ್ರ. ತಾಯಿ ಹಾಡಿಗೆ ಹಿಂದಿರುಗಿದ ಮೇಲೆ ವರದಿ ಬಂದರೆ ಅದನ್ನು ಅವಳ ಕೈಗೆ ಮುಟ್ಟಿಸುವವರು ಯಾರು? ಕಡಿಮೆ ಹನಿ ಸಾಕು, ಉತ್ತರ ಅಲ್ಲಿಯೇ ಬೇಕು ಎನ್ನುವ ಜಾಗ ಇದು. ಕಿರುಗೊಳವೆಯ ವಿದ್ಯೆ ಮೊದಲು ಮುಖ ಮಾಡಬೇಕಾದುದು ಇತ್ತ ಕಡೆಗೆ.

ಇದು ಆಗದ ಮಾತೂ ಅಲ್ಲ. ಅಮೆರಿಕದ ಕ್ಲೀವ್‌ಲೆಂಡಿನ ಕೇಸ್ ವೆಸ್ಟರ್ನ್ ರಿಸರ್ವ್ ವಿಶ್ವವಿದ್ಯಾಲಯದಲ್ಲಿ ಹುಟ್ಟಿದ ಒಂದು ಸಣ್ಣ ಉಪಕರಣ ಇದೇ ಹಿಮೋಗ್ಲೋಬಿನ್ನನ್ನು ಕೊಳವೆಯ ಬದಲು ಒದ್ದೆಯಾದ ಕಾಗದದ ಪಟ್ಟಿಯ ಮೇಲೆ, ವಿದ್ಯುತ್ತಿನ ಸೆಳೆತದಿಂದ ಬೇರ್ಪಡಿಸುತ್ತದೆ. ಬೆರಳಿನ ಒಂದು ಹನಿ ಸಾಕು. ಸುಮಾರು ಹತ್ತು ನಿಮಿಷದಲ್ಲಿ ಉತ್ತರ. ಅದನ್ನು ನಮ್ಮ ದೇಶದಲ್ಲಿಯೂ ಪರೀಕ್ಷಿಸಿ ನೋಡಿದ್ದಾರೆ. ಅದರಲ್ಲಿ ಬ್ರಸೆಲ್ಸಿನ ಕಂಬಗಳ ನಾಜೂಕಿಲ್ಲ. ಆದರೆ ಅದನ್ನು ಮಾಡಿದವರು ಪರಿವಾರವನ್ನೂ ಸೇರಿಸಿ ಚಿಕ್ಕದು ಮಾಡಿದರು. ಆರಂಭದಲ್ಲಿಯೇ ಅದು ಯಾವ ಕೋಣೆಯಲ್ಲಿ ಕೂರಬೇಕೆಂದು ಯೋಚಿಸಿದರು. ಮಾರ್ಟಿನ್ನರೂ ತಮ್ಮ ಹೊಸ ದಾರಿಯನ್ನು ೧೯೪೧ರಲ್ಲಿ ಕಂಡುದು ಲೀಡ್ಸ್ ನಗರದ ಉಣ್ಣೆ ಕೈಗಾರಿಕೆಯ ಸಂಶೋಧನಾಲಯದಲ್ಲಿ, ಉಣ್ಣೆಯಲ್ಲಿರುವುದೇನೆಂದು ತಿಳಿಯುವ ಕೆಲಸದಲ್ಲಿ. ಕಸುಬಿನವರ ಪ್ರಶ್ನೆಯೊಂದು ಪ್ರಯೋಗಶಾಲೆಯನ್ನು ಹೊಕ್ಕಿತು, ವಿದ್ಯೆ ಬೆಳೆಯಿತು.

ಹಾಗಾದರೆ ಹಾಡಿಯವರ ಪ್ರಶ್ನೆಯನ್ನು, ಕೂಲಿ ಹೆಣ್ಣುಮಗಳ ಪ್ರಶ್ನೆಯನ್ನು ಪ್ರಯೋಗಶಾಲೆಗೆ ಮುಟ್ಟಿಸುವವರು ಯಾರು? ಅದು ವಿಜ್ಞಾನದ ವಿದ್ಯಾರ್ಥಿಗಳದು ಮಾತ್ರವೇ ಎಂದು ನಾನು ನಂಬಿಲ್ಲ. ಬಸ್ಸಿನ ಖರ್ಚನ್ನೂ ಹೋದ ಕೂಲಿಯನ್ನೂ ಪರೀಕ್ಷೆಯ ಬೆಲೆಯೊಳಗೆ ಸೇರಿಸಿ ಲೆಕ್ಕ ಮಾಡಬಲ್ಲವರು ಅರ್ಥಶಾಸ್ತ್ರದವರು. ವರದಿಯನ್ನು ಓದಲು ಬರುವ ಕನ್ನಡದಲ್ಲಿ ಬರೆಸಬೇಕೆಂದು ಹಟ ಹಿಡಿಯಬೇಕಾದವರು ಕನ್ನಡದವರು. ನಾಳೆ ನಮ್ಮಲ್ಲಿ ಕೆಲವರು ಪಂಚಾಯಿತಿಯ ಕಚೇರಿಯಲ್ಲಿ, ತಾಲ್ಲೂಕು ಕಚೇರಿಯಲ್ಲಿ ಕುಳಿತು ಯಾವ ಯಂತ್ರವನ್ನು ಎಲ್ಲಿಗೆ ಕೊಳ್ಳಬೇಕೆಂಬ ಕಾಗದವನ್ನು ಮುಂದೆ ಕಳುಹಿಸುವವರು. ಆಗ, “ಇದು ನನ್ನ ವಿಷಯವಲ್ಲ” ಎಂದು ರುಜು ಹಾಕಿದರೆ ಅದರ ಫಲವನ್ನು ಉಣ್ಣುವವರು ನಮ್ಮ ಮನೆಯವರೇ. ನಮ್ಮ ಅಧ್ಯಾಪಕವರ್ಗದವರಲ್ಲಿಯೂ ಒಂದು ವಿಜ್ಞಾಪನೆ: ವರ್ಷಕ್ಕೆ ಎರಡು ಸಲವಾದರೂ ವಿಜ್ಞಾನ ಕಾಲೇಜಿನವರನ್ನು ಕರೆಸಿ ನಮ್ಮ ಎದುರಿಗೆ ಕನ್ನಡದಲ್ಲಿ ಮಾತನಾಡಿಸಬೇಕು. ನಾವು ಕೇಳುವ ದಡ್ಡ ಪ್ರಶ್ನೆಗಳಿಗೆ ಅವರು ಬೇಸರಿಸಬಾರದು.

ಅವ್ವನ ವರದಿ ಬಂದಿತು. ಅಂಕಿ ೮.೪. ಅದರ ಅರ್ಥವನ್ನು ನಾನು ಜಾತ್ರೆಯ ಕಥೆಯಿಂದಲೇ ಅವಳಿಗೆ ಹೇಳಿದೆ. ಎಲ್ಲವನ್ನೂ ಕೇಳಿಸಿಕೊಂಡು, ಅನ್ನ ಕಡಿಮೆ ಮಾಡುವುದಾಗಿ ಒಪ್ಪಿದಳು. ಆಮೇಲೆ ಚೀಟಿಯನ್ನು ಮಡಿಸಿ ಸೀರೆಯ ಸೆರಗಿಗೆ ಗಂಟು ಹಾಕಿಕೊಳ್ಳುತ್ತಾ, “ಮೂರು ತಿಂಗಳಿಗೆ ಮತ್ತೆ ಹೋಗಬೇಕಲ್ಲ, ಆಗ ರಾಗಿ ಕೊಯ್ಲು” ಎಂದಳು. ಅವಳ ಹಳೆಯ ಪ್ರಶ್ನೆ ಹಾಗೆಯೇ ನಿಂತಿದೆ. ನಾನೊಬ್ಬನೇ ಉತ್ತರಿಸಲಾರದೆ, ವಾಚಕ ಮಿತ್ರರೇ, ಅದನ್ನು ನಿಮ್ಮ ಮುಂದಿಟ್ಟಿದ್ದೇನೆ.